ಚಿಕ್ಕಪ್ಪನ ಉಚ್ಚೆ ಮತ್ತು ಶೀಲದ ಪ್ರಶ್ನೆ

ಉಚ್ಚೆ ಉರಿಯುತ್ತೆ ಅಂತ ಆಸ್ಪತ್ರೆಗೆ ಹೋದರೆ ನಮ್ಮ ಕೇರಿಯವರಿಗೆ ಎದುರಾಗುವ ಮೊದಲ ಪ್ರಶ್ನೆ, 'ಎಲ್ಲಿಗೆ ಹೋಗಿದ್ದೆ?'

ನಮ್ಮ ಚಿಕ್ಕಪ್ಪ ಕಲ್ಲು ಒಡೆಯುವವನು. 2016ರಲ್ಲಿ ಅವನಿಗೆ ಉರಿ ಶುರುವಾಯಿತು. ಬರಬರುತ್ತಾ ಧಾರೆ ಸಣ್ಣಗಾಯಿತು, ಕೀವು ಬಂತು. ಬೀಜದ ಹಿಂದುಗಡೆ ಗಂಟೆದ್ದು ಒಡೆದು, ಆ ತೂತಿನಿಂದಲೂ ಉಚ್ಚೆ ಜಿನುಗತೊಡಗಿತು. ಡಾಕ್ಟರು ಮುಟ್ಟದೆ ದೂರದಿಂದಲೇ ನೋಡಿ, 'ಎಲ್ಲಿಗೆ ಹೋಗಿದ್ದೆ, ನಿಜ ಹೇಳು' ಅಂದರು. 'ಕ್ವಾರಿಗೆ ಸ್ವಾಮಿ' ಅಂದ ಚಿಕ್ಕಪ್ಪ. ಅವರು ನಕ್ಕು ಗನೋರಿಯಾಕ್ಕೆ ಕೊಡುವ ಇಂಜೆಕ್ಷನ್ ಬರೆದರು.

ಎರಡು ವರ್ಷ ಇದೇ ನಡೆಯಿತು. ಉಚ್ಚೆಯಲ್ಲಿ ಕೀವಿದೆ, ಆದರೆ ಕಲ್ಚರಿಗಿಟ್ಟರೆ ಏನೂ ಬೆಳೆಯಲ್ಲ. ಇದು ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ. ಊರು ಮಾತ್ರ ಅವನ ಶೀಲದ ಲೆಕ್ಕ ಹಾಕಿತು. ಚಿಕ್ಕಮ್ಮ ನಲ್ಲಿ ಹತ್ತಿರ ತಲೆ ಎತ್ತದ ಹಾಗಾಯಿತು.

2018ರಲ್ಲಿ ಜಿಲ್ಲಾ ಕೇಂದ್ರದಲ್ಲಿ ಸಿಕ್ಕ ಒಬ್ಬ ಡಾಕ್ಟರಮ್ಮ ಬೇರೆಯೇ ಪ್ರಶ್ನೆ ಕೇಳಿದರು: 'ನಿಮ್ಮ ಮನೇಲಿ ಯಾರಿಗಾದ್ರೂ ಟಿಬಿ ಆಗಿತ್ತಾ?' ನಮ್ಮ ತಾತ ಕೆಮ್ಮಿ ಕೆಮ್ಮಿ ಸತ್ತವನು. ಒಂದೇ ಕೋಣೆಯಲ್ಲಿ ಏಳು ಜನ ಮಲಗುತ್ತಿದ್ದೆವು. ಕಲ್ಲುಧೂಳು ತಿಂದ ಎದೆಗೆ ಕ್ಷಯ ಬೇಗ ತಗಲುತ್ತದಂತೆ. ಅಲ್ಲಿಂದ ರೋಗಾಣು ರಕ್ತದ ಮೂಲಕ ಕಿಡ್ನಿ ಸೇರಿ, ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಕೆಳಗಿಳಿಯುತ್ತದೆ. ಉಚ್ಚೆಯ ನಾಳಕ್ಕೆ ಬರುವುದು ಬಲು ಅಪರೂಪ.

ಕ್ಷಯದ ರೋಗಾಣು ಮಾಮೂಲಿ ಕಲ್ಚರಿನಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಬೇರೆ ಕಲ್ಚರ್ ಬೇಕು, ವಾರಗಟ್ಟಲೆ ಕಾಯಬೇಕು. ಉಚ್ಚೆಯಲ್ಲಿ ಅದು ಬಿಟ್ಟುಬಿಟ್ಟು ಬೀಳುವುದರಿಂದ ಮೂರು ದಿನದ ಬೆಳಗಿನ ಮೊದಲ ಉಚ್ಚೆ ಕೊಡಬೇಕು. ಸಿಬಿನ್ಯಾಟ್ ಯಂತ್ರವಾದರೆ ಎರಡು ಗಂಟೆಯಲ್ಲಿ ಹೇಳುತ್ತದೆ, ಆದರೆ ಇಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಅಂದಾಜಿನ ಮೇಲೆ ನುಂಗಿಸುವ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳು ಕ್ಷಯವನ್ನು ಅರ್ಧಂಬರ್ಧ ಅಡಗಿಸಿ ಪತ್ತೆಯನ್ನೇ ತಡ ಮಾಡುತ್ತವೆ. ಚಿಕ್ಕಪ್ಪನಿಗೆ ಆಗಿದ್ದೂ ಅದೇ. ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದ ರೋಗಾಣು ನಮ್ಮ ಚಿಕ್ಕಪ್ಪನ ಉಚ್ಚೆಯಲ್ಲಿ ಕಾಣಿಸಲು 2018 ಬರಬೇಕಾಯಿತು.

ಎರಡು ತಿಂಗಳು ನಾಲ್ಕು ಔಷಧಿ, ಮತ್ತೆ ನಾಲ್ಕು ತಿಂಗಳು ಮೂರು. ಸರ್ಕಾರದ್ದು, ಪುಕ್ಕಟೆ. ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ; 2024ರ ನವೆಂಬರಿನಿಂದ ಅದು 1000 ಆಗಿದೆ. ರಿಫಾಂಪಿಸಿನ್ ನುಂಗಿದಾಗ ಉಚ್ಚೆ ಕೆಂಪಗಾಗಿ ಚಿಕ್ಕಮ್ಮ ರಕ್ತ ಅಂತ ಅತ್ತಳು. ಅದು ಔಷಧಿಯ ಬಣ್ಣ ಅಷ್ಟೇ. ತೂತು ಮುಚ್ಚಿತು. ರೋಗಾಣು ಸತ್ತರೂ ಅದು ಮಾಡಿದ ಗಾಯದ ಕಲೆ ಔಷಧಿಗೆ ಕರಗುವುದಿಲ್ಲ. ಬಿಗಿದ ನಾಳ ಬಿಡಿಸಲು ಆಪರೇಷನ್ನೇ ಬೇಕಾಯಿತು. ಮೊದಲ ವರ್ಷವೇ ಪತ್ತೆಯಾಗಿದ್ದರೆ ಆ ಕತ್ತರಿ ಬೇಕಾಗುತ್ತಿರಲಿಲ್ಲವೇನೋ.

ಗೆಳೆಯರೇ, ಮೇಷ್ಟರೇ, ನಿಮ್ಮೂರಲ್ಲಿ ಯಾರಿಗಾದರೂ ಉಚ್ಚೆಯಲ್ಲಿ ಕೀವಿದ್ದು ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ, ಜೊತೆಗೆ ಹೋಗಿ 'ಟಿಬಿ ನೋಡಿದ್ದೀರಾ?' ಅಂತ ಕೇಳಿ. ಗನೋರಿಯಾ ಬಂದವನಿಗೂ ಮರ್ಯಾದೆಯ ಚಿಕಿತ್ಸೆ ಸಲ್ಲಬೇಕು, ಅದು ಬೇರೆ ಮಾತಲ್ಲ. ಆದರೆ ಕೇರಿಯವನ ಮೈಯಲ್ಲಿ ರೋಗ ಹುಡುಕುವ ಮೊದಲು ನಡತೆ ಹುಡುಕುವವರಿಗೆ ಕಿಟಕಿಯಿಲ್ಲದ ಆ ಕೋಣೆ ಕಾಣುವುದೇ ಇಲ್ಲ. ಚಿಕ್ಕಪ್ಪ ನಿಜವನ್ನೇ ಹೇಳಿದ್ದ. ಅವನು ಹೋಗಿದ್ದು ಕ್ವಾರಿಗೇ.