ನೀರು ಹೊಕ್ಕ ಮನೆಯಲ್ಲಿ

ಕುರ್ವೆ ಎಂದರೆ ನೀರು ಸುತ್ತುವರಿದ ನೆಲ. ಭಟ್ಕಳ ಬಂದರಿನ ಮಾವಿನಕುರ್ವೆಯ ಹೆಸರಿನಲ್ಲಿಯೇ ನೀರು ಅಡಗಿದೆ. ಈ ಪದದ ಅರ್ಥವನ್ನು ನಾವು ಬಹುಕಾಲದಿಂದ ಬಲ್ಲೆವು. ಅದು ಅನುಭವಕ್ಕೆ ಬಂದದ್ದು ಮಾತ್ರ 2022ರ ಆಗಸ್ಟ್ 2ರಂದು.

ಅಂದು ನಾಗರ ಪಂಚಮಿ. ಮಗಳನ್ನು ತವರಿಗೆ ಕರೆತರಲೆಂದು ಹಿಂದಿನ ದಿನವೇ ನಾವು ಅಲ್ಲಿಗೆ ಹೋಗಿದ್ದೆವು. ಅಳಿಯಂದಿರು ಅಲ್ಲಿ ಶಿಕ್ಷಕರು. ಇರುಳೆಲ್ಲ ಸುರಿದ ಮಳೆ ಸಾಮಾನ್ಯದ್ದಲ್ಲ. ಭಟ್ಕಳ ತಾಲೂಕಿನ ಕೆಲವೆಡೆ ಒಂದೇ ದಿನದಲ್ಲಿ 500 ಮಿಲಿಮೀಟರಿಗೂ ಮಿಕ್ಕಿ ಸುರಿಯಿತು. ನಸುಕಿನಲ್ಲಿ ಎದ್ದು ನೋಡಲಾಗಿ ಹಿತ್ತಿಲ ಕಡೆಯಿಂದ ನುಗ್ಗಿದ ಕೆಸರುನೀರು ನಡುಮನೆಯಲ್ಲಿ ಮೊಣಕಾಲು ಮುಟ್ಟುವಷ್ಟಿತ್ತು. ಅಚ್ಚಿಗೆ ಅಣಿಗೊಳಿಸಲೆಂದು ಅಳಿಯಂದಿರಿಗೆ ಒಪ್ಪಿಸಿದ್ದ ನಮ್ಮ ನಲವತ್ತು ವರ್ಷಗಳ ಟಿಪ್ಪಣಿಯ ಕಟ್ಟುಗಳು ಅಲ್ಲಿಯೇ, ಫ್ರಿಜ್ಜಿನ ಪಕ್ಕದ ಕೆಳಗಿನ ಹಲಗೆಯ ಮೇಲಿದ್ದವು. ಧೋತರ ಎತ್ತಿಕಟ್ಟಿ ನೀರಿಗೆ ಕಾಲಿಡುವಷ್ಟರಲ್ಲಿ ಜಗಲಿಯಿಂದ ಒಂದು ಧ್ವನಿ ಕೇಳಿಸಿತು.

"ಅಯ್ನೋರೇ, ನಿಲ್ಲಿ! ಕರೆಂಟ್ ತೆಗ್ದಿದ್ರಾ?"

ನೆರೆಮನೆಯ ಮೀನುಗಾರ ಮುದುಕಿ. ಫ್ರಿಜ್ಜಿನ ತಂತಿ ಸಿಕ್ಕಿಸಿದ್ದ ಜಾಗ ನೀರಿನೊಳಗಿತ್ತು. ನಾವದನ್ನು ಗಮನಿಸಿಯೇ ಇರಲಿಲ್ಲ. ಮೇನ್ ಸ್ವಿಚ್ಚು ಇನ್ನೂ ಒಣಗಿದ್ದ ಜಗಲಿಯ ಗೋಡೆಯ ಮೇಲಿತ್ತು. ಅಳಿಯಂದಿರು ಕೈ ಒರೆಸಿಕೊಂಡು ಅದನ್ನು ಇಳಿಸಿದರು. "ಆ ಬ್ಯಾಟರಿ ಪೆಟ್ಟಿಗೆ?" ಎಂದಳು ಆಕೆ. ಮೇನ್ ಇಳಿಸಿದರೂ ಇನ್ವರ್ಟರು ಮನೆಗೆ ವಿದ್ಯುತ್ತು ಹರಿಸುತ್ತಲೇ ಇರುತ್ತದೆಂಬುದು ನಮಗೆ ಹೊಳೆದಿರಲಿಲ್ಲ. ಅದನ್ನೂ ಆರಿಸಿದ ಬಳಿಕವೇ ಆಕೆ ನಮ್ಮನ್ನು ಒಳಗೆ ಬಿಟ್ಟಳು. ನೀರಿನಲ್ಲಿ ನಿಲ್ಲದೆ ಸ್ವಿಚ್ಚು ಕೈಗೆಟುಕದಿದ್ದರೆ ಮುಟ್ಟಲೇಬಾರದು. ಹೊರಗೆ ನಿಂತು ಲೈನ್‌ಮನ್ನನ್ನು ಕರೆಸಬೇಕು.

ಅದೇ ಮುಂಜಾನೆ ಸಮೀಪದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದ ಸುದ್ದಿ ಬಂದಿತು. ಕಾಗದಕ್ಕಾಗಿ ಮರುಗುತ್ತಿದ್ದ ನಾವು ತಲೆತಗ್ಗಿಸಿದೆವು.

ನೀರಿಳಿದ ಮೇಲಿನ ಕೆಲಸವನ್ನೂ ಆ ಕೇರಿಯವರಿಂದಲೇ ಕಲಿತೆವು. ಹಾಳಾದ ವಸ್ತುಗಳನ್ನು ಎಸೆಯುವ ಮೊದಲು ಫೋಟೋ ತೆಗೆದಿಡಬೇಕು; ಪಂಚನಾಮೆಯ ಕಾಲಕ್ಕೆ ಅವು ಬೇಕಾಗುತ್ತವೆ. ಕೆಸರು ಬಳಿಯುವಾಗ ಕೈಗೆ ರಬ್ಬರ್ ಚೀಲ, ಕಾಲಿಗೆ ಬೂಟು ಇರಲೇಬೇಕು. ಸಣ್ಣ ಗಾಯದ ಮೂಲಕವೂ ಇಲಿಜ್ವರ ಮೈಹೊಗುತ್ತದೆ. ಮುಂದಿನ ವಾರಗಳಲ್ಲಿ ಜ್ವರ ಬಂದರೆ ನೆರೆನೀರಿನಲ್ಲಿ ನಡೆದದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ನೆರೆ ಹೊಕ್ಕ ಬಾವಿಯನ್ನು ಆರೋಗ್ಯ ಕಾರ್ಯಕರ್ತರಿಂದ ಬ್ಲೀಚಿಂಗ್ ಪುಡಿ ಹಾಕಿಸಿ ಶುದ್ಧಗೊಳಿಸಬೇಕು. ಅಲ್ಲಿಯವರೆಗೆ ಅದರ ನೀರನ್ನು ಕುಡಿಯಲಾಗದು. ಒದ್ದೆ ಗೋಡೆಯಲ್ಲಿ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿಯುವುದರಿಂದ ಮಳೆ ನಿಂತೊಡನೆ ಕಿಟಕಿಗಳನ್ನೆಲ್ಲ ತೆರೆಯಬೇಕು. ನೆನೆದ ಹಾಸಿಗೆಯ ಮೇಲೆ ಮಮತೆ ಬೇಡ. ಬಲ್ಲವರು ಪರೀಕ್ಷಿಸುವ ತನಕ ನೆನೆದ ಯಂತ್ರಗಳಿಗೆ ವಿದ್ಯುತ್ತು ಹರಿಸಕೂಡದು.

ಹಾಳೆಗಳನ್ನು ಬಿಸಿಲಿಗಿಡದೆ ನೆರಳಿನಲ್ಲಿ ಹರವಿ, ನಡುನಡುವೆ ಒಣಕಾಗದವಿಟ್ಟು, ಅದನ್ನು ಆಗಾಗ ಬದಲಿಸಿದೆವು. ಅರ್ಧದಷ್ಟು ಉಳಿದವು, ಉಳಿದರ್ಧದ ಶಾಯಿ ನೀರುಪಾಲಾಯಿತು.

ಅರಿವು ಆಚಾರವಾಗಬೇಕೆಂದು ಮಠದ ವೇದಿಕೆಗಳಲ್ಲಿ ನಾವು ಎಷ್ಟು ಸಲ ಹೇಳಿದ್ದೇವೋ! ಆ ನಸುಕಿನಲ್ಲಿ ಅರಿವು ಆಚಾರವಾಗಿದ್ದುದು ಅಕ್ಷರ ಬಾರದ ಆ ತಾಯಿಯಲ್ಲಿ. ಊರಿಗೆ ಮರಳಿದ ದಿನವೇ ನಾವು ಮನೆಯ ಮಕ್ಕಳನ್ನೆಲ್ಲ ಕರೆದು ಮೇನ್ ಸ್ವಿಚ್ಚು ಎಲ್ಲಿದೆಯೆಂದು ತೋರಿಸಿದೆವು. ಓದುಗ ಬಂಧುಗಳೂ ಮಳೆಗಾಲಕ್ಕೆ ಮುನ್ನ ಇಷ್ಟನ್ನು ಮಾಡಿದರೆ ನಮ್ಮ ಟಿಪ್ಪಣಿಗಳು ಕರಗಿದ್ದೂ ಸಾರ್ಥಕ.