ಬಾಂಬೆಗೆ ಹೊರಟ ರಾಗಿ

ಶ್ರೀರಂಗಪಟ್ಟಣ ಬಿಟ್ಟ ಬಸ್ಸು ಪಾಂಡವಪುರ ದಾಟುವವರೆಗೆ ಕಿಟಕಿಯ ಎರಡೂ ಕಡೆ ನೀರೇ ನೀರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರುಗದ್ದೆಯಲ್ಲಿ ನಾಟಿ ಹಾಕುತ್ತಿದ್ದಾರೆ, ಅದರಾಚೆ ಕಬ್ಬು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕೃಪೆ ಇದು. ನಾಲೆ ಹರಿದ ಊರಿನವರಿಗೆ ಊರು ಬಿಡುವ ಅವಸರವಿಲ್ಲ.

ಚಿನಕುರಳಿ ಕಳೆದ ಮೇಲೆ ಕೆಮ್ಮಣ್ಣು, ರಾಗಿ ಹೊಲ, ಅಲ್ಲಲ್ಲಿ ತೆಂಗು. ಪಕ್ಕದ ಸೀಟಿನ ಅಜ್ಜಿಯ ಕಾಲಬುಡದಲ್ಲಿ ಹುರಿಯಿಂದ ಬಿಗಿದ ಚೀಲ. ಹೊಲಿಗೆ ಸಂದಿನಿಂದ ರಾಗಿ ಹಿಟ್ಟು ಉದುರಿ ನನ್ನ ಚಪ್ಪಲಿಯೆಲ್ಲ ಬೂದು.

“ಲಗೇಜ್ ಟಿಕೆಟ್ ತಕೊಳಜ್ಜಿ,” ಕಂಡಕ್ಟರ್ ಗದರುತ್ತಾನೆ.

“ಬಾಂಬೆಗೆ ಹೋಗೋದು ಕಣಪ್ಪ, ಪೇಟೆಗಂಟ ಬುಡು.”

ಕೆ.ಆರ್.ಪೇಟೆಯಲ್ಲಿ ಖಾಸಗಿ ಬಸ್ಸಿಗೆ ಚೀಲ ಹಾಕಿದರೆ ಮಾರನೆಯ ದಿನ ಮಗ ಬಾಂಬೆಯಲ್ಲಿ ಇಳಿಸಿಕೊಳ್ಳುತ್ತಾನಂತೆ. ಹಿಟ್ಟು, ಹುರುಳಿಕಾಳು, ಸಾರಿನ ಪುಡಿ. “ಅಲ್ಲೂ ರಾಗಿ ಸಿಕ್ತದೆ. ನಮ್ಮ ಹೊಲದ್ದು ಸಿಕ್ಕುತ್ತಾ?”

ಹೇಮಾವತಿಗೆ ಗೊರೂರಿನಲ್ಲಿ ಕಟ್ಟೆ ಎದ್ದು ಈ ಕಡೆಗೆ ನಾಲೆ ಬರುವ ಹೊತ್ತಿಗೆ ಇಲ್ಲಿನ ಹುಡುಗರು ಬಾಂಬೆಯ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದರು. ಕೆಲವರು ಆಟೊ, ಟ್ಯಾಕ್ಸಿ ಹಿಡಿದರು. ಕೆಲವರು ಗಲ್ಲಾಪೆಟ್ಟಿಗೆಗೇ ಏರಿದರು. ಕೆ.ಆರ್.ಪೇಟೆಯಿಂದ ಶಾಸಕರಾಗಿ ಮಂತ್ರಿಯೂ ಆದ ಕೆ.ಸಿ. ನಾರಾಯಣಗೌಡರು ಬಾಂಬೆಯ ಹೋಟೆಲ್ ಉದ್ಯಮಿ. ನಾಗಮಂಗಲದ ಕಡೆಯ ಕಥೆಯೂ ಹೆಚ್ಚುಕಡಿಮೆ ಇದೇ.

2020ರ ಮೇ ತಿಂಗಳ ಮಾತು ತೆಗೆದರೆ ಅಜ್ಜಿ ಕಿಟಕಿಯಾಚೆ ನೋಡುತ್ತಾಳೆ. ಮಂಡ್ಯ ಜಿಲ್ಲೆಯಲ್ಲಿ ಆಗ ಕಂಡ ಕೊರೊನಾ ಪ್ರಕರಣಗಳಲ್ಲಿ ಬಹುಪಾಲು ಬಾಂಬೆಯಿಂದ ಮರಳಿದವರದು. ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕಿನವರೇ ಹೆಚ್ಚು. ಅದುವರೆಗೆ ‘ಬಾಂಬೆಯವರು’ ಎಂದರೆ ಹಬ್ಬಕ್ಕೆ ಬಂದು ಕೈ ಬಿಚ್ಚಿ ಖರ್ಚು ಮಾಡುವವರು. ಆ ತಿಂಗಳು ಅದೇ ಹೆಸರು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

“ಬಂದೋರ್ನ ಹಾಸ್ಟ್ಲಲ್ಲಿ ಕ್ವಾರಂಟೈನ್ ಮಡಗಿದ್ರು. ಗೇಟಿನ ಹೊರಗೇ ನಿಂತ್ಕಂಡು ಮೊಮ್ಮಗನ ಮಕ ನೋಡ್ದೆ. ಮುದ್ದೆ ಬ್ಯಾಡ, ಪಾವ್ ಕೊಡು ಅಂತಿತ್ತು ಮುಂಡೇದು!” ಅಜ್ಜಿ ಬಾಯ್ತುಂಬ ನಗುತ್ತಾಳೆ.

ಪೇಟೆ ಬಂತು. ಚೀಲವನ್ನು ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಇಳಿಸಿದೆವು. ಬಾಂಬೆ ಬಸ್ಸಿನ ಕ್ಲೀನರ್ ಕೇಳಿದ ದುಡ್ಡಿಗೆ ಅಜ್ಜಿ ಕೊಸರಾಡಿ, ಅರ್ಧ ಕೊಟ್ಟು, ಫೋನ್ ಕಿವಿಗಿಟ್ಟುಕೊಂಡಳು.

“ಲೋ, ಮೂಟೆ ಹಾಕಿವ್ನಿ. ಗೌರಿ ಹಬ್ಬಕ್ಕೆ ಬಂದೀಯೋ, ಇಲ್ಲ ಓಟಿಗೆ ಬಸ್ ಮಾಡುದ್ರೇನೇ ಬಂದೀಯೋ?”