ಅಂಗೈಯಗಲ ನೆಲ

ಅಕ್ಟೋಬರಿನ ಒಂದು ಸಂಜೆ. ಡೆಟ್ರಾಯಿಟ್‌ನಲ್ಲಿ ಬೆಳಗಿನಿಂದ ಜಡಿಮಳೆ ಹಿಡಿದಿತ್ತು. ಕನ್ನಡ ಕೂಟದ ಕಾರ್ಯಕ್ರಮ ಮುಗಿಸಿ, ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಬರುತ್ತಿದ್ದೆ. ಹೆದ್ದಾರಿ ಸೇರುವ ತಿರುವಿನಲ್ಲಿ ಕಾರಿನ ಹಿಂಭಾಗ ಒಂದು ಗೇಣಿನಷ್ಟು ಪಕ್ಕಕ್ಕೆ ಜಾರಿತು. ನಾನೇನೂ ಜೋರಾಗಿ ಓಡಿಸುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು, ಕಾರು ತಾನೇ ಸಾವರಿಸಿಕೊಂಡಿತು. ಅಮ್ಮನಿಗೆ ಗೊತ್ತೇ ಆಗಲಿಲ್ಲ, ಊಟಕ್ಕೆ ಬಡಿಸಿದ್ದ ಬಿಸಿಬೇಳೆಬಾತಿಗೆ ಉಪ್ಪು ಕಮ್ಮಿಯಾಗಿತ್ತು ಎಂದು ಹೇಳುತ್ತಲೇ ಇದ್ದರು. ಅವರ ಮಾತಿಗೆ ಹೂಂಗುಟ್ಟುತ್ತಿದ್ದ ಅಪ್ಪ ಮಾತ್ರ ಸುಮ್ಮನಾದರು. ಮನೆ ಬರುವವರೆಗೂ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಅವರನ್ನು ಹುಡುಕಿದರೆ, ಗ್ಯಾರೇಜಿನಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಪುಟ್ಟಿ, ಇಲ್ಲಿ ಕೈ ಇಡು" ಅಂದರು. "ಹಾಗಲ್ಲ, ಅಂಗೈ ಪೂರ್ತಿ ಇಡು. ಈಗ ಒಳಗಿಂದ ಹೊರಕ್ಕೆ ಸವರು."

ಸವರಿದೆ. ನುಣುಪಾಗಿತ್ತು.

"ಈಗ ಹೊರಗಿಂದ ಒಳಕ್ಕೆ."

ಅಂಗೈಗೆ ಗರಗಸದ ಹಲ್ಲು ತಾಗಿದಂತಾಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಟೈರಿನ ಪ್ರತಿಯೊಂದು ಕಟ್ಟೆಯೂ ಒಂದು ಅಂಚಿನಲ್ಲಿ ಸವೆದು, ಇನ್ನೊಂದು ಅಂಚಿನಲ್ಲಿ ಚೂಪಾಗಿ ನಿಂತಿತ್ತು. ಅಲೈನ್‌ಮೆಂಟ್ ತಪ್ಪಿದ ಚಕ್ರ ನೆಟ್ಟಗೆ ಉರುಳುವುದಿಲ್ಲ, ಸ್ವಲ್ಪ ಸ್ವಲ್ಪವೇ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಈ ಊರಿನಲ್ಲಿ ಚಳಿಗಾಲ ಕಳೆಯುತ್ತಿದ್ದಂತೆ ರಸ್ತೆಗಳಲ್ಲಿ ಬಾಯ್ತೆರೆಯುವ ಗುಂಡಿಗಳಲ್ಲಿ ಯಾವುದೋ ಒಂದು ನನಗೆ ಈ ಉಡುಗೊರೆ ಕೊಟ್ಟಿತ್ತು. "ಮೊದಲು ಇದನ್ನ ಸರಿ ಮಾಡಿಸು. ಇಲ್ಲದಿದ್ರೆ ಹೊಸ ಟೈರನ್ನೂ ಹೀಗೇ ತಿಂದುಹಾಕುತ್ತೆ" ಎಂದರು.

ಅಪ್ಪನ ಕೈಗೆ ಇದೆಲ್ಲ ಹೇಗೆ ಗೊತ್ತು ಎಂದು ಹೇಳಬೇಕು. ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ ಕಾರ್ಖಾನೆಯಲ್ಲಿ ಅವರು ಕೆಲಸ ಮಾಡಿದರು, 1997ರಲ್ಲಿ ಅದು ಜೆಕೆ ಟೈರ್ ತೆಕ್ಕೆಗೆ ಹೋದ ಮೇಲೂ ಅಲ್ಲೇ ಇದ್ದು ನಿವೃತ್ತರಾದರು. ಟೈರನ್ನು ಬೇಯಿಸುವ ಪ್ರೆಸ್‌ಗಳ ವಿಭಾಗ ಅವರದು. ಪದರ ಪದರವಾಗಿ ಸುತ್ತಿ ಕಟ್ಟಿದ ಹಸಿ ಟೈರು ಅಚ್ಚಿನೊಳಗೆ ಹೋಗುತ್ತದೆ, ಒಳಗಿನಿಂದ ರಬ್ಬರಿನ ಚೀಲವೊಂದು ಉಬ್ಬಿ ಅದನ್ನು ಅಚ್ಚಿಗೆ ಒತ್ತುತ್ತದೆ, ಶಾಖಕ್ಕೆ ಗಂಧಕ ರಬ್ಬರನ್ನು ಹಿಡಿದು ಬಿಗಿಯುತ್ತದೆ. ಮೆತ್ತಗೆ ಜೋಲುತ್ತಿದ್ದದ್ದು ಗೆರೆ, ಅಕ್ಷರಗಳ ಸಮೇತ ಗಟ್ಟಿ ಟೈರಾಗಿ ಹೊರಬರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನ ಅಂಗಿಗೆ ಆ ವಾಸನೆ ಇರುತ್ತಿತ್ತು. ಇವತ್ತಿಗೂ ಟೈರ್ ಅಂಗಡಿಯ ಬಾಗಿಲು ತೆಗೆದರೆ ನನಗೆ ಮೊದಲು ನೆನಪಾಗುವುದು ನಮ್ಮ ಮನೆಯ ಗೂಟಕ್ಕೆ ನೇತುಹಾಕಿದ್ದ ಆ ಅಂಗಿ.

ಅಪ್ಪ ಒಂದು ನಾಣ್ಯ ಕೇಳಿದರು. ಅಮೆರಿಕದಲ್ಲಿ ಟೈರ್ ನೋಡುವ ಮನೆಮದ್ದು ಒಂದು ಸೆಂಟಿನ ನಾಣ್ಯ. ಲಿಂಕನ್ನನ ತಲೆ ಕೆಳಗೆ ಮಾಡಿ ಗೆರೆಯೊಳಗೆ ಇಳಿಸಿದಾಗ ಅವನ ನೆತ್ತಿ ಪೂರ್ತಿ ಕಂಡರೆ, ಉಳಿದಿರುವ ಆಳ ಒಂದು ಇಂಚಿನ 32ರಲ್ಲಿ 2 ಭಾಗಕ್ಕಿಂತ ಕಮ್ಮಿ. ಇಲ್ಲಿನ ಹೆಚ್ಚಿನ ರಾಜ್ಯಗಳ ಕಾನೂನು ಬಿಡುವುದು ಅಷ್ಟಕ್ಕೇ, ನಮ್ಮ ದೇಶದ 1.6 ಮಿಲಿಮೀಟರೂ ಅದೇ ಲೆಕ್ಕ. ನನ್ನ ಟೈರಿನಲ್ಲಿ ಲಿಂಕನ್ನನ ನೆತ್ತಿ ಇನ್ನೂ ಮುಚ್ಚಿತ್ತು. ಸಮಾಧಾನವಾಯಿತು. ಅಪ್ಪನಿಗೆ ಆಗಲಿಲ್ಲ. 25 ಸೆಂಟಿನ ನಾಣ್ಯ ಈಸಿಕೊಂಡು ಇಳಿಸಿದರು. ವಾಷಿಂಗ್ಟನ್ನನ ತಲೆ ಮುಚ್ಚಬೇಕಾದರೆ 32ರಲ್ಲಿ 4 ಭಾಗ ಬೇಕು. ಅವನ ನೆತ್ತಿ ಬಯಲಾಗಿತ್ತು.

"ಕಾನೂನು ಬಿಟ್ರೂ ನೀರು ಬಿಡಲ್ಲ ಕಣಮ್ಮ" ಎಂದರು. ಗೆರೆಗಳಿರುವುದು ನೀರು ಹರಿದುಹೋಗಲಿ ಅಂತ. ಆಳ ಕಮ್ಮಿಯಾದಂತೆ ಟೈರಿನ ಕೆಳಗಿನ ನೀರಿಗೆ ದಾರಿ ಸಾಲುವುದಿಲ್ಲ, ಕಾರು ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ. ಎರಡು ಟನ್ನಿನ ಹತ್ತಿರ ತೂಗುವ ಕಾರು, ಅದರೊಳಗಿನ ಚರ್ಮದ ಸೀಟು, ಹದಿನಾರು ಸ್ಪೀಕರು, ಅಪ್ಪ, ಅಮ್ಮ, ಎಲ್ಲವೂ ನೆಲಕ್ಕೆ ಅಂಟಿಕೊಂಡಿರುವುದು ನಾಲ್ಕು ಕಡೆ, ಒಂದೊಂದು ಕಡೆಗೆ ಹೆಚ್ಚೂಕಮ್ಮಿ ಒಂದು ಅಂಗೈಯಗಲ. ಇದನ್ನು ಎಷ್ಟೋ ಸಲ ಓದಿದ್ದೆ. ಅಪ್ಪ ಸಿಮೆಂಟಿನ ಮೇಲೆ ತಮ್ಮ ಅಂಗೈ ಊರಿ ತೋರಿಸಿದಾಗ ಎದೆ ಝಲ್ಲೆಂದಿತು.

ಇನ್ನು ಕೊಳ್ಳುವ ಮಾತು. ಟೈರಿನ ಪಕ್ಕೆಯ ಮೇಲೆ ಅದರ ಜಾತಕವೇ ಬರೆದಿರುತ್ತದೆ. ನನ್ನದು 245/45ಆರ್18, 100ವಿ. ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 45, ರೇಡಿಯಲ್, ರಿಮ್ಮು 18 ಇಂಚು. 100 ಎಂದರೆ ಒಂದು ಟೈರು 800 ಕಿಲೋ ಹೊರುತ್ತದೆ. ವಿ ಎಂದರೆ ಗಂಟೆಗೆ 240 ಕಿಲೋಮೀಟರ್ ವೇಗ ತಡೆಯುತ್ತದೆ. ನಾನು ಕಣ್ಣಿಟ್ಟಿದ್ದ ಹೊಸ ಟೈರುಗಳ ಮೇಲೆ ವೈ ಇತ್ತು, ಅಂದರೆ 300. ಇದು ಯಾರಿಗೆ ಬೇಕು ಎಂದು ಕೇಳಿದೆ. "ಅದು ಓಡೋ ವೇಗ ಅಲ್ಲ, ಶಾಖ ತಾಳೋ ಶಕ್ತಿ ಅಂತ ಓದಿಕೋ. ಕೆಳಗಿನ ಅಕ್ಷರಕ್ಕೆ ಇಳಿಯಬೇಡ, ಮೇಲಕ್ಕೆ ಹೋದರೆ ನಷ್ಟ ಇಲ್ಲ" ಅಂದರು. ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ ಹೇಳುತ್ತವೆ. ನನ್ನ ಹಳೆಯ ಟೈರಿನಲ್ಲಿ 3819 ಇತ್ತು: 2019ರ 38ನೇ ವಾರ.

ಎಲ್ಲ ಋತುವಿಗೂ ಒಂದೇ ಟೈರು ಎನ್ನುವುದು ಅಮೆರಿಕದಲ್ಲಿ ಬೇರೂರಿದ ಆಸೆ. 1977ರಲ್ಲಿ ಗುಡ್‌ಇಯರ್ ಕಂಪನಿ ಟಿಯೆಂಪೋ ಎಂಬ ಟೈರನ್ನು ಈ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಮುಂಚೆ ಹಿಮದ ಊರಿನವರು ಚಳಿಗಾಲ ಬಂದಾಗ ಹಿಮದ ಟೈರು ಏರಿಸಿ, ವಸಂತದಲ್ಲಿ ಇಳಿಸುತ್ತಿದ್ದರು. ತೊಡಕಿರುವುದು ರಬ್ಬರಿನ ಹದದಲ್ಲಿ. ಬೇಸಿಗೆಗೆಂದೇ ಮಾಡಿದ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ರಬ್ಬರು ಆಗಲೂ ಮೆತ್ತಗಿರುತ್ತದೆ, ಆದರೆ ಜುಲೈ ಬಿಸಿಲಿನಲ್ಲಿ ಬೇಗ ಸವೆದುಹೋಗುತ್ತದೆ. ಎರಡಕ್ಕೂ ನಡುವೆ ಹದ ಹಿಡಿಯಬೇಕು. ಸಿಲಿಕಾ ಬೆರೆಸುವ ವಿದ್ಯೆ ಬಂದ ಮೇಲೆ ಅದು ಎಷ್ಟೋ ಸುಲಭವಾಯಿತು. ನಮ್ಮದರಂಥ ಸೆಡಾನಿಗೆ ಇದರ ಜೊತೆಗೆ ತಿರುವಿನಲ್ಲಿ ಬಳುಕದ ಗಟ್ಟಿ ಭುಜವೂ ಬೇಕು, ಸದ್ದೂ ಇರಬಾರದು. ಇಷ್ಟನ್ನೆಲ್ಲ ಒಂದೇ ಟೈರಿನಿಂದ ಕೇಳುವಾಗ ಎಲ್ಲೋ ಒಂದು ಕಡೆ ಬಿಟ್ಟುಕೊಡಬೇಕಾಗುತ್ತದೆ. ಎಲ್ಲಿ ಬಿಟ್ಟುಕೊಡುತ್ತೇವೆ ಎಂಬುದನ್ನು ತಿಳಿದೇ ಬಿಟ್ಟುಕೊಡಬೇಕು ಎಂದು ನಾನು ಹಟ ಹಿಡಿದೆ.

ಕೊನೆಗೆ ಎರಡು ಉಳಿದವು. ಒಂದು ಮಿಶೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4, ಇನ್ನೊಂದು ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯುಎಸ್06 ಪ್ಲಸ್. ಮೊದಲನೆಯದಕ್ಕೆ 45,000 ಮೈಲಿ ಬಾಳಿಕೆಯ ಖಾತರಿ, ಎರಡನೆಯದಕ್ಕೆ 50,000. ಅಮೆರಿಕ ಸರ್ಕಾರದ ಪದ್ಧತಿಯ ಪ್ರಕಾರ ಎರಡಕ್ಕೂ ಒದ್ದೆ ಹಿಡಿತದಲ್ಲಿ ಎಎ, ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಆದರೆ ಆ ದರ್ಜೆ ಅಳೆಯುವುದು ಒದ್ದೆ ನೆಲದಲ್ಲಿ ನೇರಕ್ಕೆ ಬ್ರೇಕ್ ಹಾಕಿದಾಗಿನ ಹಿಡಿತವನ್ನು. ನಾವು ಜಾರಿದ್ದು ತಿರುವಿನಲ್ಲಿ. ಹಾಗಾಗಿ ಅಕ್ಷರ ನಂಬಿ ಕೂರದೆ, ಇವೆರಡನ್ನೂ ಹಾಕಿಸಿ ಓಡಿಸಿದ ಪರಿಚಯದವರನ್ನೆಲ್ಲ ಮಳೆಯ ತಿರುವಿನ ಬಗ್ಗೆಯೇ ಕೇಳಿದೆ. ಇಬ್ಬರು ಸ್ನೇಹಿತೆಯರು ತಮ್ಮ ಕಾರಿನ ಕೀಲಿ ಕೊಟ್ಟರು. ಮಿಶೆಲಿನ್ ಟೈರಿನ ಕಾರಿನಲ್ಲಿ ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೇ ಮೂತಿ ತಿರುಗಿತು, ಓಡಿಸುವವಳಿಗೆ ಅದು ಹಬ್ಬ. ಕಾಂಟಿನೆಂಟಲ್ ಟೈರಿನದು ಅಷ್ಟು ಚುರುಕಿರಲಿಲ್ಲ, ಗುಂಡಿಯ ಮೇಲೆ ಮಾತ್ರ ಮೃದುವಾಗಿ ಇಳಿಯಿತು.

ಹಿಮಕ್ಕೆ ಒಗ್ಗುವ ಟೈರುಗಳಿಗೆ ಇನ್ನೊಂದು ಗುರುತು ಇರುತ್ತದೆ: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಎಂ ಪ್ಲಸ್ ಎಸ್ ಎಂಬ ಹಳೆಯ ಮುದ್ರೆಗೆ ಟೈರಿನ ಗೆರೆಗಳ ವಿನ್ಯಾಸ ಸರಿಯಿದ್ದರೆ ಸಾಕು, ಈ ಬೆಟ್ಟದ ಮುದ್ರೆ ಬೇಕಾದರೆ ಹಿಮದ ಮೇಲೆ ಪರೀಕ್ಷೆಯಾಗಬೇಕು. ಆ ಪರೀಕ್ಷೆಯೂ ಮುಂದಕ್ಕೆ ಎಳೆಯುವ ಹಿಡಿತದ್ದು, ಮಂಜುಗಡ್ಡೆಯ ಮೇಲೆ ನಿಲ್ಲಿಸುವ ಭರವಸೆಯನ್ನು ಅದು ಕೊಡುವುದಿಲ್ಲ. ಇವೆರಡಕ್ಕೂ ಆ ಬೆಟ್ಟ ಇಲ್ಲ. ಕಾಂಟಿನೆಂಟಲ್‌ನವರು ಅದರ ಬದಲು ಟೈರಿನ ಮೈಮೇಲೆಯೇ ಮೂರು ಅಕ್ಷರ ಕೊರೆದಿದ್ದಾರೆ, ಡಿ, ಡಬ್ಲ್ಯು, ಎಸ್. ಒಣ ರಸ್ತೆ, ಒದ್ದೆ ರಸ್ತೆ, ಹಿಮ. ಟೈರು ಸವೆಯುತ್ತ ಬಂದಂತೆ ಮೊದಲು ಎಸ್ ಅಳಿಸಿಹೋಗುತ್ತದೆ, ಇನ್ನು ಹಿಮಕ್ಕೆ ನನ್ನನ್ನು ನಂಬಬೇಡ ಎಂದರ್ಥ. ಆಮೇಲೆ ಡಬ್ಲ್ಯು. ಕೊನೆಗೆ ಉಳಿಯುವುದು ಡಿ ಒಂದೇ.

ಅಪ್ಪ ಇದನ್ನು ಅಂಗಡಿಯಲ್ಲಿ ಕನ್ನಡಕ ಏರಿಸಿ ನೋಡಿದರು. ಹೆಬ್ಬೆರಳ ಉಗುರನ್ನು ಎಸ್ ಅಕ್ಷರದೊಳಗೆ ಇಳಿಸಿ ಆಳ ನೋಡಿದರು. ನಾವು ಅಚ್ಚಿನಲ್ಲಿ ಏನೇನೋ ಕೊರೆಸಿದೆವು, ಇದು ಹೊಳೆಯಲಿಲ್ಲವಲ್ಲ ಎಂದರು. ತಾನು ಯಾವಾಗ ಕೈಬಿಡುತ್ತೇನೆ ಎಂದು ಮೊದಲೇ ಹೇಳುವ ಟೈರು ಅವರಿಗೆ ಹಿಡಿಸಿಬಿಟ್ಟಿತು. ನನಗೂ. ದಟ್ಟ ಹಿಮ ಬಿದ್ದ ದಿನ ನಾನು ಮನೆಯಿಂದಲೇ ಕೆಲಸ ಮಾಡಬಲ್ಲೆ, ಬೀಳದ ದಿನ ಉಪ್ಪು ಹಾಕಿ ಗೋರಿದ ರಸ್ತೆ ಇರುತ್ತದೆ. ಮಳೆಯಿಂದ ಮಾತ್ರ ತಪ್ಪಿಸಿಕೊಳ್ಳಲಾರೆ. ಹಾಗಂತ ಬೆಟ್ಟದೂರಿನಲ್ಲಿರುವ ಗೆಳತಿ ಕೇಳಿದರೆ ನಾನು ಬೆಟ್ಟದ ಮುದ್ರೆಯದನ್ನೇ ಹೇಳುತ್ತೇನೆ, ಕ್ವಿಬೆಕ್‌ನಲ್ಲಂತೂ ಚಳಿಗಾಲದಲ್ಲಿ ಆ ಮುದ್ರೆ ಕಾನೂನಿನ ಮಾತು.

ಇನ್ನೂ ಒಂದು ಗಂಟು ಬಿಚ್ಚಬೇಕಿತ್ತು. ಕಾರಿನ ಜೊತೆ ಬಂದದ್ದು ರನ್-ಫ್ಲಾಟ್ ಟೈರುಗಳು. ಗಾಳಿ ಪೂರ್ತಿ ಹೋದರೂ ದಪ್ಪ ಪಕ್ಕೆಯ ಬಲದ ಮೇಲೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಸುಮಾರು 80 ಕಿಲೋಮೀಟರ್ ಓಡುತ್ತವೆ. ಆ ಧೈರ್ಯದ ಮೇಲೆ ಕಾರು ಮಾಡಿದವರು ಸ್ಟೆಪ್ನಿ ಇಡುವ ಜಾಗವನ್ನೇ ತೆಗೆದಿದ್ದಾರೆ. ಡಿಕ್ಕಿಯ ತಳ ಎತ್ತಿ ನೋಡಿದ ಅಪ್ಪನಿಗೆ ನಂಬಲಾಗಲಿಲ್ಲ. "ಸ್ಟೆಪ್ನಿ ಇಲ್ದೆ ಯಾರಾದ್ರೂ ಊರು ಬಿಡ್ತಾರಾ?" ಎಂದು ಕೇಳಿದರು. (ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಹೆಚ್ಚುವರಿ ಚಕ್ರ ಅದು. ನಮ್ಮ ಲಾರಿ ಚಾಲಕರ ಬಾಯಲ್ಲಿ ಆ ಬೀದಿಯ ಹೆಸರು ಇನ್ನೂ ಬದುಕಿರುವುದು ನನಗೆ ಬಹಳ ಪ್ರೀತಿಯ ಸಂಗತಿ.) ರನ್-ಫ್ಲಾಟ್‌ನ ಗಟ್ಟಿ ಪಕ್ಕೆ ಗುಂಡಿಯ ಪೆಟ್ಟನ್ನು ನುಂಗಿಕೊಳ್ಳದೆ ನೇರ ಒಳಗೆ ದಾಟಿಸುತ್ತದೆ. ಈ ಕಾರಿನಲ್ಲಿ ಕೂತರೆ ಬೆನ್ನು ಹಿಡಿಯುತ್ತದೆ ಎಂದು ಅಮ್ಮ ಬಂದಾಗಿನಿಂದ ಹೇಳುತ್ತಿದ್ದರು, ನಾನು ವಯಸ್ಸಿನ ನೋವು ಅಂದುಕೊಂಡಿದ್ದೆ. ಸಾಮಾನ್ಯ ಟೈರನ್ನೇ ಹಾಕಿಸಿ, ಡಿಕ್ಕಿಯಲ್ಲಿ ಗಾಳಿ ಪಂಪು, ಪಂಚರ್ ಮುಚ್ಚುವ ಸಾಮಾನು ಇಟ್ಟುಕೊಳ್ಳುವುದು ಎಂದಾಯಿತು.

ಎರಡೇ ಹಾಕಿಸಿದರೆ ಸಾಲದೇ ಎಂದು ಅಮ್ಮ ಕೇಳಿದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಟೈರುಗಳ ಸುತ್ತಳತೆಯಲ್ಲಿ ವ್ಯತ್ಯಾಸ ಬಂದರೆ ನಡುವಿನ ಗೇರುಗಳಿಗೆ ಪೆಟ್ಟು. ನಾಲ್ಕೂ ಕೊಂಡೆವು.

ಟೈರು ಬಂದ ದಿನ ಅಂಗಡಿಯವನು ಒಂದೊಂದನ್ನೇ ಉರುಳಿಸಿ ತಂದು ನಿಲ್ಲಿಸಿದ. ಹೊಸ ಟೈರಿನ ಮೈತುಂಬ ಸಣ್ಣ ಸಣ್ಣ ರಬ್ಬರ್ ಕೂದಲು. ಅಚ್ಚಿನೊಳಗೆ ಸಿಕ್ಕಿಬಿದ್ದ ಗಾಳಿ ಹೊರಹೋಗಲೆಂದು ಬಿಟ್ಟ ಸಣ್ಣ ತೂತುಗಳಲ್ಲಿ ಬಿಸಿ ರಬ್ಬರೂ ನುಗ್ಗಿ ಹಾಗೆ ಉಳಿಯುತ್ತದೆ. ಅಪ್ಪ ಅವುಗಳ ಮೇಲೆ ಅಂಗೈ ಆಡಿಸಿದರು, ಎಳೆಯ ಮಗುವಿನ ತಲೆ ಸವರಿದ ಹಾಗೆ. ಒಂದು ಕೂದಲನ್ನು ಕಿತ್ತು ಬೆರಳುಗಳ ನಡುವೆ ಹೊಸಕಿ ಮೂಗಿನ ಹತ್ತಿರ ಹಿಡಿದರು. ಆಮೇಲೆ ಅಂಗಡಿಯವನಿಗೆ ತಮ್ಮ ಇಂಗ್ಲಿಷಿನಲ್ಲಿ, ಅಲೈನ್‌ಮೆಂಟ್ ಆದ ಮೇಲೆ ಅಳತೆಯ ಕಾಗದ ಕೊಡಬೇಕು ಎಂದು ಹೇಳಿದರು. ಅವನು ಕೊಟ್ಟ. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಊರಿಗೆ ಹೊರಡುವ ಮುನ್ನ ಅಲೆನ್ ಪಾರ್ಕ್‌ನ ಹೆದ್ದಾರಿ ಬದಿಯ ಯೂನಿರಾಯಲ್ ಟೈರನ್ನು ತೋರಿಸಿದೆ. 80 ಅಡಿ ಎತ್ತರದ ಅದು 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನರನ್ನು ಕೂರಿಸಿಕೊಂಡು ತಿರುಗುತ್ತಿದ್ದ ತೊಟ್ಟಿಲು ಚಕ್ರ. ಅಪ್ಪ ಬಹಳ ಹೊತ್ತು ತಲೆಯೆತ್ತಿ ನೋಡಿದರು, ಇದನ್ನು ಬೇಯಿಸಲು ಎಂಥ ಪ್ರೆಸ್ ಬೇಕಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದರು.

ನವೆಂಬರಿನಲ್ಲಿ ಅವರು ಮೈಸೂರಿಗೆ ಹೋದರು. ಈಗ ಪ್ರತಿ ಭಾನುವಾರ ಫೋನ್. ಚಳಿಗೆ ಗಾಳಿ ಕುಗ್ಗುತ್ತದೆ, ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್ಐ, ನೋಡಿದೆಯಾ ಎಂದು ಕೇಳುತ್ತಾರೆ. ನೋಡಿದೆ ಅನ್ನುತ್ತೇನೆ. ಅಮ್ಮನಿಗೆ ಫೋನ್ ಕೊಡುವ ಮುಂಚೆ ಕೊನೆಯ ಪ್ರಶ್ನೆ ಒಂದು ಇದ್ದೇ ಇರುತ್ತದೆ. ನಾನು ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಇಳಿದು, ಟಾರ್ಚ್ ಹಾಕಿ, ಚಕ್ರದ ಪಕ್ಕ ಕೂತು, ತಣ್ಣನೆಯ ರಬ್ಬರಿನ ಮೇಲೆ ಹೆಬ್ಬೆರಳಿನ ಉಗುರಿಟ್ಟು ಹುಡುಕುತ್ತೇನೆ.

"ಇದೆ ಅಪ್ಪ. ಎಸ್ ಇನ್ನೂ ಇದೆ."